ಮಳೆಯನ್ನು ನೇತುಹಾಕಿದ್ದು

ಎಂಜಿನಿಯರ್ ಸಾಹೇಬರು ಅಂದು ನನ್ನ ಗ್ರಾಫ್ ನೋಡಿ ನಕ್ಕರೋ ಕೆಮ್ಮಿದರೋ, ಈಗ ಖಚಿತವಾಗಿ ಹೇಳಲಾರೆ. "ಅನುಮಾನವಿದ್ದರೆ ಕೇಳಿ ಸಾರ್" ಎಂದು ನಾನು ವಿನಯದಿಂದ ಹೇಳಿದ ನೆನಪು. "ಅನುಮಾನಕ್ಕೆ ಜಾಗವೇ ಇಲ್ಲ ಅಂದ್ರಿ" ಎನ್ನುತ್ತಾಳೆ ಹೆಂಡತಿ ಶೈಲಾ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನನಗೆ ನನ್ನ ನೆನಪಿನ ಮೇಲೇ ನಂಬಿಕೆಯಿಲ್ಲ.

ನಮ್ಮ ಹಳ್ಳದ ಸೇತುವೆ ತೀರ ತಗ್ಗು. ಮಳೆಗಾಲದಲ್ಲಿ ಮುಳುಗುತ್ತದೆ. ಕಳೆದ ವರ್ಷ ಆಚೆ ದಡದ ದಾಕ್ಷಾಯಣಮ್ಮನವರ ಸೊಸೆಗೆ ಹೆರಿಗೆ ನೋವು ಬಂದಾಗ, ನಾಲ್ವರು ಹಗ್ಗ ಹಿಡಿದು, ಎದೆಮಟ್ಟದ ನೀರಿನಲ್ಲಿ ಆಕೆಯನ್ನು ಕುರ್ಚಿ ಸಮೇತ ಹೊತ್ತು ದಾಟಿಸಿದ್ದರು. ಸೇತುವೆ ಎತ್ತರಿಸಲು ಅರ್ಜಿ ಹಾಕಿದೆವು. ಮಳೆ ಹೆಚ್ಚುತ್ತಿದೆ ಎನ್ನುವುದಕ್ಕೆ ದಾಖಲೆ ಕೊಡಿ ಎಂದರು ಕಚೇರಿಯವರು.

ದಾಖಲೆಗೆ ಕೊಡಗಿನಲ್ಲಿ ಬರವೇ? ಅರ್ಧ ಎಕರೆ ಕಾಫಿಯಿದ್ದವನ ಅಂಗಳದಲ್ಲೂ ಮಳೆಮಾಪಕವಿರುತ್ತದೆ. ಬೆಳಿಗ್ಗೆ ಎದ್ದು ಅಳೆದು, ಡೈರಿಯಲ್ಲಿ ಬರೆದು, ಆಮೇಲೆ ಮುಖ ತೊಳೆಯುವುದು. ನೆರೆಯವರ ಡೈರಿಗಳನ್ನೆಲ್ಲ ಒಟ್ಟುಮಾಡಿ ಗ್ರಾಫ್ ಬರೆಯಲು ಕುಳಿತೆ.

ಕಂಬಗಳನ್ನು ಕೆಳಗಿನಿಂದ ಎಬ್ಬಿಸುವುದು ವಾಡಿಕೆ. ಆದರೆ ಮಳೆ ಬೀಳುವುದು ಮೇಲಿನಿಂದ ತಾನೆ? ಆದ್ದರಿಂದ ಹಾಳೆಯ ಮೇಲಂಚಿನಿಂದ, ವರ್ಷಕ್ಕೊಂದರಂತೆ, ಕಂಬಗಳನ್ನು ನೇತುಬಿಟ್ಟೆ. ಮಳೆ ಹೆಚ್ಚಿದಷ್ಟೂ ಕಂಬ ಕೆಳಕ್ಕೆ ಉದ್ದ. ಸಾಲದೆಂದು ಹನ್ನೆರಡು ತಿಂಗಳಿಗೆ ಹನ್ನೆರಡು ಬಣ್ಣ.

"ಇದೇನ್ರೀ, ಬಾವಲಿ ನೇತಾಡ್ದಂಗೈತೆ?" ಎಂದಳು ಶೈಲಾ.

"ನಿನಗೆ ಅರ್ಥವಾಗುವುದಿಲ್ಲ" ಎಂದೆ. ಅವಳಿಗೆ ಅರ್ಥವಾಗಿರಲಿಲ್ಲ. ಯಾರಿಗೂ ಆಗುವಂತಿರಲಿಲ್ಲ.

ಸ್ಥಳ ಪರಿಶೀಲನೆಗೆ ಬಂದ ಎಂಜಿನಿಯರ್ ಸಾಹೇಬರು ಸೇತುವೆಯ ಮೇಲೆ ನಿಂತು ಹಾಳೆ ನೋಡಿದರು. "ವರ್ಷದಿಂದ ವರ್ಷಕ್ಕೆ ಮಳೆ ಇಳೀತಾ ಬಂದಿದೆ. ಚೆನ್ನಾಗಿ ತೋರಿಸಿದ್ದೀರಿ. ಹಾಗಾದ್ರೆ ಸೇತುವೆ ಯಾಕೆ ಎತ್ತರಿಸಬೇಕು?"

"ಅಲ್ಲ ಸಾರ್, ಇಳಿದಿದೆ ಅಂದ್ರೆ ಏರಿದೆ ಅಂತ."

ಆಗಲೇ ಅವರು ನಕ್ಕದ್ದು, ಅಥವಾ ಕೆಮ್ಮಿದ್ದು. ನಾನು ವಿವರಿಸಿದಷ್ಟೂ ಮಳೆ ಇಳಿಯುತ್ತಲೇ ಹೋಯಿತು. ಅವರು ಪೆನ್ನಿನ ಕ್ಯಾಪ್ ಮುಚ್ಚಿದರು. ಊರಿನ ಸೇತುವೆಯನ್ನು ನಾನೊಬ್ಬನೇ ಮುಳುಗಿಸುತ್ತಿದ್ದೆ.

"ಮಂಜಣ್ಣ, ಒಂದು ಗಳಿಗೆ ಸುಮ್ನಿರಪ್ಪ" ಎಂದರು ಪಕ್ಕದಲ್ಲೇ ನಿಂತಿದ್ದ ದಾಕ್ಷಾಯಣಮ್ಮ. "ಸಾರ್, ನೀವು ಅಲ್ಲೇ ನಿಂತ್ಕಂಡು ಆ ಮರ ನೋಡಿ."

ಸೇತುವೆಗೆ ತಾಗಿದ ಹೊಂಗೆ ಮರಕ್ಕೆ ಹಳೇ ಸೀರೆಯ ಚೂರುಗಳನ್ನು ಕಟ್ಟಿತ್ತು. ಹರಕೆಯೆಂದೇ ನಾನು ತಿಳಿದಿದ್ದೆ. ಪ್ರತಿ ವರ್ಷ ನೀರು ಏರಿದ ಮಟ್ಟಕ್ಕೆ ಆಕೆ ಒಂದೊಂದು ಕಟ್ಟುತ್ತಾ ಬಂದಿದ್ದರಂತೆ.

"ತುದೀಲಿರೋದು ಹೋದ್ ವರ್ಷದ್ದು. ನನ್ ಸೊಸೇನ ಹೊತ್ಕಂಡು ಹೋದ್ ದಿನದ್ದು."

ಅದು ಸಾಹೇಬರ ಅಂಗಿಯ ಜೇಬಿನ ಸಮಕ್ಕಿತ್ತು. ಅವರು ಜೇಬಿನಿಂದ ಫೋನ್ ತೆಗೆದು ಕೈಯಲ್ಲಿ ಎತ್ತಿ ಹಿಡಿದರು. ಆಮೇಲೆ ಅದರಲ್ಲೇ ಮರದ ಫೋಟೊ ತೆಗೆದರು.

ಸೇತುವೆ ಮಂಜೂರಾಯಿತು. ಕೈಮುಗಿಯಲು ಹೋದರೆ ದಾಕ್ಷಾಯಣಮ್ಮ ನನ್ನ ಕೈಗೆ ಕಾಫಿ ಲೋಟ ಕೊಟ್ಟರು. "ನೀನು ಅಷ್ಟೊತ್ತು ಕೊರೀದಿದ್ರೆ ಸಾಹೇಬ್ರು ಅಲ್ಲಿ ನಿಂತಿರ್ತಿದ್ರಾ? ಕುಡಿ." ಇಷ್ಟು ದೊಡ್ಡ ಮನಸ್ಸು ಯಾವ ವಿಶ್ವವಿದ್ಯಾಲಯದಲ್ಲೂ ನನಗೆ ಸಿಕ್ಕಿರಲಿಲ್ಲ.

ಒಂದನ್ನು ಮಾತ್ರ ಕಚೇರಿಗೇ ಹೋಗಿ ಖಾತ್ರಿಪಡಿಸಿಕೊಂಡೆ. ಕಡತದಲ್ಲಿ ನನ್ನ ಗ್ರಾಫನ್ನು ಯಾರೋ ತಲೆಕೆಳಗಾಗಿ ಸೇರಿಸಿದ್ದರು. ಈಗಲಾದರೂ ಸರಿಯಾಗಿರಬೇಕೆಂದು ಆಸೆಯಿಂದ ನೋಡಿದೆ. ಕಂಬಗಳು ನೆಟ್ಟಗೆ ನಿಂತಿದ್ದವು. ಆದರೆ ವರ್ಷಗಳೂ ಹಿಂದುಮುಂದಾಗಿ, ಎಡದಿಂದ ಬಲಕ್ಕೆ ಕುಳ್ಳಗಾಗುತ್ತಾ ಹೋಗಿದ್ದವು. ಹೇಗೆ ಹಿಡಿದರೂ ನನ್ನ ಗ್ರಾಫಿನಲ್ಲಿ ಮಳೆ ಇಳಿಯುತ್ತಲೇ ಇದೆ.