ಎರಡನೇ ಹಾಡು ಮತ್ತು ಅಮ್ಮನ ವಿಸಿಟ್ ವೀಸಾ

ಮನೆಯಲ್ಲಿ ಹದಿಮೂರು ವರ್ಷದ ಮಗಳಿದ್ದರೆ ಇಂಥ ಪ್ರಸಂಗಗಳು ವಾರಕ್ಕೆರಡಾದರೂ ನಡೆಯುತ್ತವೆ. ಜೊತೆಗೆ ಅಜ್ಜಿಯೂ ಬಂದು ಕೂತರೆ ದಿನಕ್ಕೆರಡು. ಆ ವರ್ಷ ನನ್ನ ಅಮ್ಮ ಒಂದು ತಿಂಗಳ ವಿಸಿಟ್ ವೀಸಾದಲ್ಲಿ ಮೈಸೂರಿನಿಂದ ರುಮೈಥಿಯಾದ ನಮ್ಮ ಫ್ಲಾಟಿಗೆ ಬಂದಿದ್ದಳು. ಬಂದದ್ದು ಕುವೈತ್ ನೋಡುವುದಕ್ಕಲ್ಲ, ಮೊಮ್ಮಗಳ ಜೊತೆ ಬಾಯ್ತುಂಬ ಮಾತಾಡುವುದಕ್ಕೆ. ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಮ್ಮನಿಗೆ ಇಂಗ್ಲಿಷ್ ಬಾರದು. ನಡುವೆ ನಾನು, ಸಂಬಳವಿಲ್ಲದ ದುಭಾಷಿ. ಮೊಮ್ಮಗಳು ಇಂಗ್ಲಿಷಿಗೆ ಹೊರಳಿದಾಗಲೆಲ್ಲ ಅಮ್ಮನ ಮುಖ ಸಣ್ಣಗಾಗುತ್ತಿತ್ತು.

ಒಬ್ಬಳೇ ಹುಡುಗಿ

ಆಗ ಮಗಳ ತಲೆಯಲ್ಲಿದ್ದದ್ದು ಕೊರಿಯಾದ ಒಬ್ಬ ಗಾಯಕಿ. ಗುಂಪಿಲ್ಲ, ಒಬ್ಬಳೇ ಹಾಡಿ ಕುಣಿಯುವವಳು. ಮೊದಲ ಹಾಡು ಭರ್ಜರಿ ಹಿಟ್ ಆಗಿತ್ತು. ಎರಡನೆಯದು ಬಿದ್ದುಹೋದರೆ ಏನು ಗತಿ ಎಂದು ಮಗಳು ಸರಿಯಾಗಿ ಊಟ ಕೂಡ ಮಾಡುತ್ತಿರಲಿಲ್ಲ. ಏನಾಯಿತೆಂದು ಅಜ್ಜಿ ಕೇಳಿದ್ದಕ್ಕೆ, ಫೋನಿನಲ್ಲಿ ಆ ಹುಡುಗಿಯ ಫೋಟೊ ತೋರಿಸಿ, "ಹರ್ ಸೆಕೆಂಡ್ ಒನ್ ಈಸ್ ಕಮಿಂಗ್, ಅಜ್ಜಿ" ಎಂದಳು.

ನಾನು ಬಚ್ಚಲಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದೆ. ಅಲ್ಲಿಂದಲೇ ಅನುವಾದಿಸಿದೆ: "ಅವಳಿಗೆ ಎರಡನೇದು ಬರ್ತಾ ಇದೆಯಂತೆ, ಅಮ್ಮ."

"ಮೊದಲನೇದಕ್ಕೆ ಎಷ್ಟಾಯ್ತು?"

"ಎಂಟು ತಿಂಗಳು."

"ಎಂಟು ತಿಂಗಳಿಗೇ ಎರಡನೇದಾ? ನೋಡಿದ್ರೆ ಇನ್ನೂ ಚಿಕ್ಕ ಹುಡುಗಿ. ಜೊತೇಲಿ ಯಾರಿದಾರೆ?"

"ಯಾರೂ ಇಲ್ಲಮ್ಮ, ಒಬ್ಬಳೇ. ಅದೇ ಅವಳ ವಿಶೇಷ."

ಮುಖ ಒರೆಸಿಕೊಂಡು ಹೊರಗೆ ಬಂದರೆ, ಅಮ್ಮ ದೇವರ ಗೂಡಿನ ಮುಂದೆ ದೀಪ ಹಚ್ಚಿ, ಆ ಪರದೇಶದ ಮಗುವಿಗೆ ಸುಖಪ್ರಸವವಾಗಲಿ ಎಂದು ಕೈಮುಗಿಯುತ್ತಿದ್ದಳು.

ಮ್ಯೂಟ್ ಮಾಡಬಾರದು

ಹಾಡು ಬಿಡುಗಡೆಯಾದದ್ದು ನಮ್ಮ ಮಧ್ಯಾಹ್ನ ಹನ್ನೆರಡಕ್ಕೆ. ಮಗಳು ಸ್ಕೂಲಿನಲ್ಲಿ. ಮೊದಲ ಗಂಟೆಯ ವ್ಯೂಸ್ ಬಹಳ ಮುಖ್ಯವಂತೆ. ಹಾಗಾಗಿ ಅಪ್ಪ ಶುಐಬಾದ ಕಾರ್ಖಾನೆಯ ತನ್ನ ಆಫೀಸಿನಲ್ಲಿ ಕೂತು ಹಾಡನ್ನು ಮತ್ತೆ ಮತ್ತೆ ಹಾಕಬೇಕು, ಮ್ಯೂಟ್ ಮಾಡಿದರೆ ಲೆಕ್ಕಕ್ಕಿಲ್ಲ ಎಂದು ನನಗೆ ಅವಳ ಅಪ್ಪಣೆಯಾಗಿತ್ತು.

ಬಾಗಿಲು ಮುಚ್ಚಿಕೊಂಡು ಹಾಕಿದೆ. ಎರಡೇ ನಿಮಿಷಕ್ಕೆ ನಮ್ಮ ಈಜಿಪ್ಟಿನ ಮ್ಯಾನೇಜರ್ ಒಳಗೆ ಬಂದರು. ನಾನು ಕಳ್ಳನ ಹಾಗೆ ಎದ್ದು ನಿಂತೆ. ಅವರು ಮೆಲ್ಲಗೆ ಬಾಗಿಲು ಹಾಕಿ, ಎದುರಿನ ಕುರ್ಚಿಯಲ್ಲಿ ಕೂತು, ಜೇಬಿನಿಂದ ಫೋನು ತೆಗೆದರು.

"ನಿಂದು ಎಷ್ಟು ಸಲ ಆಯ್ತು? ನನಗೂ ಮಗಳಿದ್ದಾಳೆ."

ಎರಡು ಫೋನು, ಒಂದೇ ಹಾಡು, ಅರ್ಧ ಸಾಲು ಹಿಂದೆಮುಂದೆ. ಗಾಯಕಿ ತಾರಕಕ್ಕೆ ಏರಿದಳು. ಬಾಗಿಲು ದಡಾರನೆ ತೆರೆಯಿತು. ಹೆಲ್ಮೆಟ್ ಹಾಕಿಕೊಂಡು ಓಡಿಬಂದ ಸೇಫ್ಟಿಯವನು ಏದುಸಿರಿನಲ್ಲಿ ಕೇಳಿದ: "ಭಾಯಿ, ಕೌನ್ಸಾ ಅಲಾರಂ ಹೈ?"

ಇರಿ

ಅಷ್ಟರಲ್ಲಿ ಇಪ್ಪತ್ತೊಂಬತ್ತು ದಿನ ಕಳೆದಿತ್ತು. ಮರುದಿನ ಅಮ್ಮನ ವಿಮಾನ. ಇಡೀ ತಿಂಗಳಲ್ಲಿ ಮೊಮ್ಮಗಳ ಬಾಯಿಂದ ಬಂದ ಕನ್ನಡವೆಂದರೆ "ಅಜ್ಜಿ" ಒಂದೇ.

ಹಾಲ್‌ನಲ್ಲಿ ಎಂದಿನಂತೆ ಆ ಹಾಡು ನಡೆದಿತ್ತು. "ಇರಿ ವಾ, ಇರಿ ವಾ" ಎಂಬ ಪಲ್ಲವಿ ಬಂದಾಗ ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು.

"ಲೋ, ಇದು ಕನ್ನಡ ಕಣೋ. 'ಇರಿ' ಅಂತಿದಾಳೆ."

"ನೋ ಅಜ್ಜಿ, ಇಟ್ಸ್ ಕೊರಿಯನ್. ಇಟ್ ಮೀನ್ಸ್ ಕಮ್ ಹಿಯರ್" ಎಂದಳು ಮಗಳು.

"ಇಲ್ಲಿ ಬಾ ಅಂತ ಅರ್ಥವಂತೆ" ಎಂದೆ ನಾನು.

"ಬಾ ಅನ್ನೋಕೆ ಇರಿ ಅಂದ್ರೆ ಯಾರು ಬರ್ತಾರೆ? ನಿಂತಲ್ಲೇ ನಿಲ್ತಾರೆ. ಈ ಹಾಡು ಓಡಲ್ಲ ಬಿಡು."

ಮಗಳ ಮುಖ ಕೆಂಪಾಯಿತು. ಸೋಫಾದಿಂದ ಧಡಕ್ಕನೆ ಎದ್ದಳು.

"ಸುಮ್ನಿರು ಅಜ್ಜಿ! ನಿನಗೇನೂ ಗೊತ್ತಿಲ್ಲ. ಪೂರ್ತಿ ಕೇಳೋದೇ ಇಲ್ಲ, ಓಡಲ್ಲ ಅಂತೀಯ. ನಿನ್ನ ಕಿವೀನೇ ಸರಿ ಇಲ್ಲ. ಹೋಗಿ ಸಾರು ನೋಡ್ಕೋ, ಉಕ್ಕತ್ತೆ."

ನನಗೆ ರೇಗಿತು. "ಏಯ್, ಅಜ್ಜಿ ಹತ್ರ ಹೀಗಾ ಮಾತಾಡೋದು?" ಎಂದು ಗದರಿದೆ.

ಅಮ್ಮ ಸೌಟನ್ನು ನನ್ನ ಕಡೆ ತಿರುಗಿಸಿದಳು. ಕಣ್ಣಲ್ಲಿ ನೀರಿತ್ತು, ಮುಖ ಮಾತ್ರ ಹಬ್ಬದ ಮುಖ.

"ನೀನು ಬಾಯ್ಮುಚ್ಚು. ಒಂದು ತಿಂಗಳಿಂದ ಕಾಯ್ತಾ ಇದೀನಿ. ಎಷ್ಟು ಚೆನ್ನಾಗಿ ಬೈತಿದಾಳೆ ಮಗು, ಇನ್ನೊಂಚೂರು ಬೈಲಿ."