ಅಧ್ಯಕ್ಷರ ಟವೆಲ್ಲಿಗೆ ಒಳಗಿನವರ ಸವಾಲು

ಮಂದ್ರೂಪ–ಚಿಂಚೋಳಿ ನಿತ್ಯಪ್ರಯಾಣಿಕರ ಸಂಘದ ಸನ್ಮಾನ್ಯ ಅಧ್ಯಕ್ಷರೂ, ಹದಿನೆಂಟು ವರ್ಷಗಳಿಂದ ಒಬ್ಬರೂ ಎದುರು ನಿಲ್ಲದೆ ಆರಿಸಿ ಬರುತ್ತಿರುವವರೂ, ಹದಿನಾಲ್ಕು ಎಕರೆ ಕಬ್ಬಿನ ಒಡೆಯರೂ, ತಮ್ಮ ಮೊಣಕಾಲಿನ ನೋವನ್ನು ಸಂಘದ ಯಾವ ಸಭೆಯಲ್ಲೂ ಮುಚ್ಚಿಡದವರೂ ಆದ ಶ್ರೀಮಾನ್ ಅಮೃತಪ್ಪ ಬಿರಾಜದಾರ ಅವರ ಸನ್ನಿಧಿಗೆ,

ಮಾನ್ಯರೇ,

ತಮಗೂ, ಮನೆಯವರಾದ ಪಾರ್ವತಿಬಾಯಿಯವರಿಗೂ, ತಮ್ಮ ಬಿಳಿಯ ಕಾರಿಗೂ ಸಾಷ್ಟಾಂಗ ನಮಸ್ಕಾರಗಳು. ಈ ಪತ್ರವನ್ನು ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಗೋಡೆಗೆ ಅಂಟಿಸುತ್ತಿರುವುದಕ್ಕೆ ದಯವಿಟ್ಟು ಕ್ಷಮಿಸಬೇಕು. ಮನೆಗೆ ಕಳಿಸಿದ ಮೂರು ಪತ್ರಗಳಿಗೆ ಉತ್ತರ ಬರಲಿಲ್ಲ, ಆದರೆ ತಾವು ಬಸ್ಸಿಗೆ ಬರದಿದ್ದರೂ ಈ ಅಂಗಡಿಯ ಚಹಾಕ್ಕೆ ತಪ್ಪದೆ ಬರುತ್ತೀರಿ ಎಂಬುದು ಊರಿಗೆಲ್ಲ ಗೊತ್ತು. ನಮ್ಮ ಹುಡುಗರಿಗೆ ಕನ್ನಡ ಓದಲು ಬಾರದ ಕಾರಣ ಪಕ್ಕದಲ್ಲೇ ಮರಾಠಿ ಪ್ರತಿಯನ್ನೂ ಅಂಟಿಸಿದ್ದೇನೆ. ಅದರಲ್ಲಿ ಮರ್ಯಾದೆ ಸ್ವಲ್ಪ ಕಡಿಮೆ ಇದೆ.

ಮೊದಲಿಗೆ ಒಂದು ಮಾತು. ನಾನು ತಮ್ಮ ವಿರೋಧಿಯಲ್ಲ. ಸಂಘದ ಚುನಾವಣೆಯಲ್ಲಿ ತಮ್ಮದೇ ಪ್ಯಾನೆಲ್ಲಿನವನು, ಹದಿನಾಲ್ಕು ವರ್ಷಗಳಿಂದ ತಮ್ಮ ಉಪಾಧ್ಯಕ್ಷ. ಬೆಳಿಗ್ಗೆ ಆರು ಹತ್ತಕ್ಕೆ ಮಂದ್ರೂಪದಿಂದ ಹೊರಟು ಸೋಲಾಪುರ ದಾಟಿ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳಿಗೆ ಹೋಗುವ ಈ ಬಸ್ಸು ನಮಗೆ ದಕ್ಕಿದ್ದೇ ತಮ್ಮಿಂದ. ಅಂದು ತಾವು ಮೂರು ದಿನ ಬಸ್ ಡಿಪೋ ಸಾಹೇಬರ ಕಚೇರಿಯ ಮೆಟ್ಟಿಲ ಮೇಲೆ ರೊಟ್ಟಿಗಂಟು ಬಿಚ್ಚಿಕೊಂಡು ಕೂತಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆ ಉಪಕಾರಕ್ಕಾಗಿಯೇ ಚಾಲಕನ ಹಿಂದಿನ ಮೂರನೇ ನಂಬರಿನ ಕಿಟಕಿಯ ಸೀಟು ಅಧ್ಯಕ್ಷರದು ಎಂದು ನಾವೆಲ್ಲ ಕೈಯೆತ್ತಿ ಠರಾವು ಮಾಡಿದೆವು. ಬಸ್ಸು ಇನ್ನೂ ಪೂರ್ತಿ ನಿಲ್ಲುವ ಮೊದಲೇ ಹೊರಗಿನಿಂದ ಕಿಟಕಿಯೊಳಗೆ ಟವೆಲ್ ಎಸೆದು ಆ ಸೀಟು ಹಿಡಿಯುವ ಜವಾಬ್ದಾರಿಯನ್ನು ಉಪಾಧ್ಯಕ್ಷನಿಗೆ ವಹಿಸಲಾಯಿತು, ಮತ್ತು ನನ್ನ ಹುದ್ದೆಗೆ ಇದರ ಹೊರತು ಬೇರೆ ಯಾವ ಕೆಲಸವನ್ನೂ ಇದುವರೆಗೆ ಕೊಟ್ಟಿಲ್ಲ. ಹೀಗೆ ಎಸೆದ ಟವೆಲ್ ಎಲ್ಲಿ ಬಿತ್ತೋ ಆ ಸೀಟು ಅವರದೇ ಎಂಬುದು ನಮ್ಮ ಕಡೆಯ ಧರ್ಮ. ಅಣ್ಣ ತಮ್ಮಂದಿರು ಹೊಲದ ಬದುವಿಗೆ ಹೊಡೆದಾಡಿಯಾರು, ಬಸ್ಸಿನ ಸೀಟಿನ ಮೇಲಿನ ಟವೆಲ್ಲನ್ನು ಮಾತ್ರ ಯಾರೂ ಮುಟ್ಟುವುದಿಲ್ಲ.

ಲಾಕ್‌ಡೌನಿನಲ್ಲಿ ಬಸ್ಸು ನಿಂತಿತು, ತಾವು ಕಾರು ಕೊಂಡಿರಿ. ಬಸ್ಸು ಮತ್ತೆ ಶುರುವಾದಾಗ ತಾವು ಬರಲಿಲ್ಲ, ಟವೆಲ್ ಬಂತು. ಅಂದಿನಿಂದ ಇಂದಿನವರೆಗೆ ಅದು ಒಂದು ದಿನವೂ ರಜೆ ಹಾಕದೆ, ಕಿಟಕಿಯ ಗಾಳಿ ಕುಡಿಯುತ್ತ, ಎಂಬತ್ತು ಜನ ನಿಂತ ಬಸ್ಸಿನಲ್ಲಿ ಒಂದೂಕಾಲು ಗಂಟೆ ಕೂತು ಚಿಂಚೋಳಿಗೆ ಹೋಗುತ್ತದೆ, ಸಂಜೆ ನನ್ನ ಚೀಲದಲ್ಲಿ ಮನೆಗೆ ಬರುತ್ತದೆ. ಸಂಘದ ಕೆಲಸದಲ್ಲಿ ಇಷ್ಟು ನಿಷ್ಠೆಯನ್ನು ನಾನು ಯಾವ ಮನುಷ್ಯನಲ್ಲೂ ಕಂಡಿಲ್ಲ. ಕಡಲೆಯಿದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆಯಿಲ್ಲ ಎಂದು ಹಿರಿಯರು ಹೇಳಿದ್ದು ನಮ್ಮ ಬಸ್ಸನ್ನು ನೋಡಿಯೇ ಇರಬೇಕು.

ಹೀಗೆ ಎಲ್ಲವೂ ಸುಖವಾಗಿ ಸಾಗಿದ್ದಾಗ ನಮ್ಮ ಪ್ಯಾನೆಲ್ಲಿನ ಸದಸ್ಯೆ ಕಾಜಲ್ ಗಾಯಕವಾಡ ಏಳು ತಿಂಗಳ ಬಸುರಿಯಾಗಿ ಸಂಘಕ್ಕೆ ತೊಂದರೆ ಕೊಟ್ಟಳು. ಅವಳು ಚಿಂಚೋಳಿಯ ಒಂದು ಕಾರ್ಖಾನೆಯಲ್ಲಿ ಟವೆಲ್ ಮಡಚಿ ಪೆಟ್ಟಿಗೆಗೆ ತುಂಬುವ ಕೆಲಸದವಳು. ನಿಂತು ಪ್ರಯಾಣ ಮಾಡಕೂಡದು, ಕೂತು ಹೋಗುವುದಾದರೆ ಹೋಗು, ಇಲ್ಲವಾದರೆ ಕೆಲಸ ಬಿಡು ಎಂದು ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದಾರೆ. ಇನ್ನೆರಡು ತಿಂಗಳು ಹೋದರೆ ಹೆರಿಗೆ ರಜೆ ಸಿಗುತ್ತದೆ, ಮರಳಿ ಬಂದಾಗ ಕೆಲಸವೂ ಇರುತ್ತದೆ. ಈಗಲೇ ಬಿಟ್ಟರೆ ರಜೆಯೂ ಇಲ್ಲ, ಕೆಲಸವೂ ಇಲ್ಲ. ಈ ಹೊಟ್ಟೆ ಹೊತ್ತು ಅವಳು ಬಾಗಿಲಲ್ಲಿ ನುಗ್ಗಿ ಸೀಟು ಹಿಡಿಯಲಾರಳು. ಇದೇ ಬಸ್ಸಿಗೆ ದಿನಾ ಬರುವ ಹಿರಾಬಾಯಿ ತನ್ನ ಅರವತ್ತರ ಕಾಲುಗಳನ್ನು ಬೈಯುತ್ತಲೇ ಸೀನಾ ನದಿಯ ಸೇತುವೆಯವರೆಗೆ ಸೀಟು ಕೊಡುತ್ತಾಳೆ, ಆಮೇಲೆ ಒಮ್ಮೊಮ್ಮೆ ಯಾರಾದರೂ ಏಳುತ್ತಾರೆ, ಒಮ್ಮೊಮ್ಮೆ ಎಲ್ಲರಿಗೂ ಒಟ್ಟಿಗೇ ನಿದ್ದೆ ಬಂದಿರುತ್ತದೆ. ನಾನೂ ಎರಡು ದಿನ ಎದ್ದೆ, ಮೂರನೇ ದಿನ ನನಗೂ ನಿದ್ದೆ ಬಂತು.

ಹೋದ ವಾರ ಅವಳು ಸ್ಟ್ಯಾಂಡಿನಲ್ಲಿ ಎಲ್ಲರೆದುರು ನನ್ನನ್ನೂ, ತಮ್ಮ ಅಣ್ಣನ ಮಗನೂ ಸಂಘದ ಕಾರ್ಯದರ್ಶಿಯೂ ಆದ ಚಿರಂಜೀವಿ ಕಾಂತೇಶನನ್ನೂ ನಿಲ್ಲಿಸಿ ಕೇಳಿದಳು: "ಎರಡ ತಿಂಗಳ ಆ ಸೀಟ ಕೊಡ್ರಿ ಕಾಕಾ. ಆಮ್ಯಾಲ ಟವೆಲ್ ನಾನ ಒಗದ, ಮಡಚಿ, ವಾಪಸ್ ಇಡತೀನಿ." ಕಾಂತೇಶ ಠರಾವಿನ ಪುಸ್ತಕ ತೆಗೆದು, ಸೀಟು ಅಧ್ಯಕ್ಷರಿಗೆ ಮಾತ್ರ, ಅಧ್ಯಕ್ಷರಲ್ಲದವರು ಕೂಡುವ ಪ್ರಾವಧಾನವೇ ಇಲ್ಲ ಎಂದು ಓದಿದ. ಅವಳು, "ಹಂಗಾರ ಅಧ್ಯಕ್ಷಗಿರಿಗೆ ನನ್ನ ಹೆಸರ ಬರಕೋರಿ" ಎಂದಳು. ಬರೆದುಕೊಂಡವನು ನಾನೇ. ಮುಂದಿನ ತಿಂಗಳ ಚುನಾವಣೆಗೆ ನಮ್ಮ ಪ್ಯಾನೆಲ್ಲಿನಿಂದ ಯಾರು ಎಂಬ ಪ್ರಶ್ನೆ ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿ ಎದ್ದದ್ದು ಹೀಗೆ.

ಮಾನ್ಯರೇ, ಆಮೇಲೆ ಏನೇನು ನಡೆಯಿತೆಂದು ತಮ್ಮ ಕಿವಿಗೆ ಬಿದ್ದೇ ಇರುತ್ತದೆ. ಹಾಲಿ ಅಧ್ಯಕ್ಷರಿಗೆ ಒಳಗಿನವರೇ ಸವಾಲು ಹಾಕಿದರೆ ಮುಂದಿನ ಫಾಟಾದ ಕೂಡುರಸ್ತೆಯಲ್ಲಿ ಹತ್ತುವವರು ಬೇರೆ ಪ್ಯಾನೆಲ್ಲು ಕಟ್ಟಿ ಗೆದ್ದುಬಿಡುತ್ತಾರೆ, ಅವರು ಬಸ್ಸನ್ನು ಮಂದ್ರೂಪದಲ್ಲಿ ನಿಲ್ಲಿಸದೆ ಓಡಿಸುತ್ತಾರೆ ಎಂದು ಕಾಂತೇಶ ಮನೆಮನೆಗೆ ಹೋಗಿ ಹೆದರಿಸಿದ. ಎದುರಾಳಿಯೇ ಇಲ್ಲದೆ ಬಿನ್‌ವಿರೋಧ ಆರಿಸುವುದು ನಮ್ಮೂರಿನ ಶಾನು, ಅದು ಹೋದರೆ ಬೀಗರೆದುರು ತಲೆಯೆತ್ತುವಂತಿಲ್ಲ ಎಂದು ಕೆಲವರು ಅಂದರು. ಅಧ್ಯಕ್ಷರ ವಿರುದ್ಧ ಬೇಡ, ಟವೆಲ್ಲಿನ ವಿರುದ್ಧ ನಿಲ್ಲು, ಆರು ವರ್ಷದಿಂದ ಅಧ್ಯಕ್ಷಗಿರಿ ನಡೆಸಿದ್ದು ಅದೇ ತಾನೆ ಎಂದು ಹಿರಾಬಾಯಿ ಕಾಜಲಳಿಗೆ ಸಲಹೆ ಕೊಟ್ಟಳು. ಇದನ್ನು ತಮಾಷೆ ಎಂದುಕೊಂಡು ಮೊದಲು ನಕ್ಕವನು ನಾನು. ನಿಯಮಗಳನ್ನು ಓದಿದ ಮೇಲೆ ನಗು ನಿಂತಿತು, ಏಕೆಂದರೆ ಅಭ್ಯರ್ಥಿ ನಿತ್ಯ ಪ್ರಯಾಣ ಮಾಡುವವರಾಗಿರಬೇಕು ಎಂದು ಅಲ್ಲಿದೆ, ಆ ಲೆಕ್ಕದಲ್ಲಿ ಟವೆಲ್ಲಿಗೆ ಅರ್ಹತೆಯಿದೆ, ತಮಗಿಲ್ಲ.

ಈ ಸುದ್ದಿ ತಲುಪಿದ್ದರಿಂದಲೇ ಇರಬೇಕು, ಮೊನ್ನೆ ಸೋಮವಾರ ತಾವು ಆರು ವರ್ಷಗಳ ನಂತರ ಬಸ್ಸಿಗೆ ಬಿಜಯಂಗೈದಿರಿ. ಅಂದು ನಡೆದದ್ದಕ್ಕೆ ಪೂರ್ತಿ ನಾನೇ ಹೊಣೆ. ಹೊಸ ಕಂಡಕ್ಟರ್ ಅಮೋಲ್ ಕೆಲಸಕ್ಕೆ ಬಂದ ಮೊದಲ ದಿನವೇ, ಮೂರನೇ ಸೀಟಿಗೆ ಯಾರನ್ನೂ ಬಿಡಬೇಡ, ನಾನೇ ಅಧ್ಯಕ್ಷ ಎಂದುಕೊಂಡು ಬರುವವರನ್ನಂತೂ ಸುತರಾಂ ಬಿಡಬೇಡ ಎಂದು ಕಿವಿ ಹಿಂಡಿ ಹೇಳಿದ್ದವನು ನಾನು, ಏಕೆಂದರೆ ಜನ ಆ ಸೀಟಿಗಾಗಿ ಎಂಥ ಸುಳ್ಳಿಗೂ ಹೇಸುವುದಿಲ್ಲ. ತಾವು ಟವೆಲ್ ಸರಿಸಲು ಕೈಹಾಕಿದಾಗ ಅವನು ತಡೆದ. ತಾವೇ ಅಧ್ಯಕ್ಷರೆಂದು ಹೇಳಿದಿರಿ. ಅವನು ಟಿಕೆಟು ಹರಿಯುತ್ತ, "ದಿನಾ ಯಾರರ ಒಬ್ಬರು ಹಂಗ ಅಂತಾರ್ರಿ ಕಾಕಾ, ಜರಾ ಹಿಂದ ಸರೀರಿ" ಎಂದ. ಗರ್ದಿ ನನ್ನನ್ನು ಕೊನೆಯ ಸಾಲಿಗೆ ನೂಕಿತ್ತು, ನಾನು ಕೂಗಿದ್ದು ಎಂಜಿನ್ನಿನ ಸದ್ದಿನಲ್ಲಿ ಮುಳುಗಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ ಸಾಕ್ಷಾತ್ ದೇವರನ್ನೇ ಗುಡಿಯಿಂದ ಹೊರಗಿಟ್ಟ. ತಾವು ತಮ್ಮದೇ ಟವೆಲ್ಲಿನೆದುರು ಕಂಬಿ ಹಿಡಿದು ತೂಗಾಡುತ್ತ ನಿಂತಿರಿ.

ಸೇತುವೆ ಬಂತು. ಅಂದು ಹಿರಾಬಾಯಿ ಪೂರ್ತಿ ದಾರಿಗೆ ತನ್ನ ಸೀಟನ್ನು ಕಾಜಲಳಿಗೆ ಬಿಟ್ಟಿದ್ದಳು. ತಮ್ಮ ಮೊಣಕಾಲು ನಡುಗುವುದನ್ನು ನೋಡಿ ಕಾಜಲ್ ಎದ್ದಳು. ತಮ್ಮ ಗುರುತು ಅವಳಿಗೆ ಚೆನ್ನಾಗಿಯೇ ಸಿಕ್ಕಿತ್ತು. ಕೂಡ್ರಿ ಎಂದಳು, ತಾವು ಕೂತಿರಿ. ಕೂತು ಕಣ್ಣು ಮುಚ್ಚಿದಿರಿ. ಅಲ್ಲಿಂದ ಚಿಂಚೋಳಿಯವರೆಗೆ ಅವಳು ನಿಂತೇ ಬಂದಳು, ಮೂರನೇ ಸೀಟಿನಲ್ಲಿ ಟವೆಲ್ ಕೂತೇ ಬಂತು. ಸೋಲಾಪುರ ಸ್ಟ್ಯಾಂಡಿನಲ್ಲಿ ಕಾಂತೇಶ ಕೆಳಗಿಳಿದು ಕಿಟಕಿಯಿಂದ ತೆಗೆದು 'ಜನಸಾಮಾನ್ಯರ ನಡುವೆ ಅಧ್ಯಕ್ಷರು' ಎಂದು ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದ ಫೋಟೋದಲ್ಲಿ ತಾವು ಬಹಳ ಪ್ರಸನ್ನರಾಗಿದ್ದೀರಿ. ಅದರ ಅಂಚಿನಲ್ಲಿ ಕಂಬಿ ಹಿಡಿದ ಒಂದು ಕೈ ಇದೆ, ಹಸಿರು ಬಳೆಯದು, ಅದು ಅವಳದು. ಆ ಫೋಟೋಕ್ಕೆ ನಾನೂ ಹೆಬ್ಬೆರಳು ಒತ್ತಿದ್ದೇನೆ. ಅಂದಿನಿಂದ ನನಗೆ ನನ್ನ ಮೇಲೆಯೇ ನಾಚಿಕೆಯಾಗಿದೆ.

ಆದ್ದರಿಂದ ಭಾನುವಾರ ಮಾರುತಿ ಗುಡಿಯ ಕಟ್ಟೆಯ ಮೇಲೆ ನಮ್ಮ ಪ್ಯಾನೆಲ್ಲಿನ ನಲವತ್ತೊಂದು ಜನ ನಮ್ಮ ಅಭ್ಯರ್ಥಿಯನ್ನು ಆರಿಸಲು ಕೈಯೆತ್ತುವ ಮೊದಲು ತಮ್ಮಲ್ಲಿ ನನ್ನ ಕೆಲವು ಅರಿಕೆಗಳಿವೆ. ತಾವು ಕಾರನ್ನು ಮಾರಿ ದಿನಾ ಬಸ್ಸಿಗೆ ಬರುವುದಾದರೆ ಬಹಳ ಸಂತೋಷ, ಅಮೋಲನಿಗೆ ತಮ್ಮ ಮುಖ ಪರಿಚಯ ಮಾಡಿಸುತ್ತೇನೆ. ಅದಾಗದಿದ್ದರೆ ಟವೆಲ್ಲಿಗೆ ಒಂದು ಮಾಸಿಕ ಪಾಸು ಮಾಡಿಸಿ, ಫೋಟೋ ತೆಗೆಸಿ, ಕೊರಳಿಗೆ ಗುರುತಿನ ಚೀಟಿ ಕಟ್ಟಿಸಿ, ಸಂಘದ ಸಭೆಯಲ್ಲಿ ಎರಡು ಮಾತು ಆಡುವಂತೆ ತಾಕೀತು ಮಾಡಬೇಕು. ಅದೂ ಕಷ್ಟವಾದರೆ, ಹೆರಿಗೆಯನ್ನು ಚುನಾವಣೆಯ ನಂತರಕ್ಕೆ, ಮಳೆ ಬೆಳೆ ನೋಡಿಕೊಂಡು, ಬಹುಮತದಿಂದ ಮುಂದೂಡುವ ಠರಾವನ್ನು ತಾವೇ ಮಂಡಿಸಬೇಕು. ಅದಕ್ಕೆ ಕೂಸಿನ ಸಹಿ ತರುವ ಕೆಲಸವನ್ನು ಕಾಂತೇಶನಿಗೆ ವಹಿಸಬಹುದು. ಒಳಗಿನ ಸವಾಲಿನಿಂದ ಪ್ಯಾನೆಲ್ಲು ಒಡೆಯುತ್ತದೆ ಎಂಬ ಚಿಂತೆ ತಮಗೆ ಬೇಡ. ಒಂದು ಹೆಣ್ಣುಮಗಳು ಕೂತರೆ ಒಡೆಯುವಂಥ ಪ್ಯಾನೆಲ್ಲನ್ನು ಹದಿನೆಂಟು ವರ್ಷ ಎತ್ತಿ ಹಿಡಿದ ತಮ್ಮ ತೋಳುಗಳಿಗೆ ಈಗಲಾದರೂ ವಿಶ್ರಾಂತಿ ಬೇಕು.

ನಾನು ಮಾತ್ರ ಭಾನುವಾರ ಅವಳ ಹೆಸರಿಗೆ ಕೈಯೆತ್ತುತ್ತೇನೆ. ತಮ್ಮೆದುರಿಗೇ ಎತ್ತುತ್ತೇನೆ, ಹಿಂದಿನಿಂದಲ್ಲ. ಮೆಟ್ಟಿಲ ಮೇಲೆ ಮೂರು ದಿನ ಕೂತ ಮನುಷ್ಯನಿಗೆ ಅಷ್ಟಾದರೂ ಗೌರವ ಸಲ್ಲಬೇಕು.

ತಮ್ಮ ಆರೋಗ್ಯವನ್ನೂ, ಕಾರಿನ ಆಯುಷ್ಯವನ್ನೂ ಸದಾ ಹಾರೈಸುವ,

ತಮ್ಮ ವಿಶ್ವಾಸಿ,
ಧೂಳಪ್ಪ ಹೊನಮಾನೆ
ಉಪಾಧ್ಯಕ್ಷ, ಟವೆಲ್ ವಿಭಾಗ

ವಿ.ಸೂ.: ಇಂದು ಬೆಳಿಗ್ಗೆ ಎಂದಿನಂತೆ ಟವೆಲ್ ಎಸೆದೆ, ಮೂರನೇ ಸೀಟಿಗೇ ಬಿತ್ತು, ಅದರ ಮೇಲೆ ಕಾಜಲಳನ್ನು ಕೂಡಿಸಿದೆ. ಅಮೋಲ್ ಕೇಳಿದಾಗ ಅಧ್ಯಕ್ಷರ ಅಪ್ಪಣೆ ಆಗಿದೆ ಎಂದು ಸುಳ್ಳು ಹೇಳಿದ್ದೇನೆ. ಭಾನುವಾರ ತಾವು ಗೆದ್ದರೂ ಗೆಲ್ಲಬಹುದು. ಗೆದ್ದರೆ ಸೋಮವಾರ ಆರು ಹತ್ತಕ್ಕೆ ಬಸ್ಸಿಗೆ ಬನ್ನಿ, ಸೀಟಿನಿಂದ ಏಳು ಎಂದು ಅವಳಿಗೆ ತಮ್ಮ ಬಾಯಿಂದಲೇ ಹೇಳಿ.