ಯುರೋಪಿನ ಹೊರಗೆ ಮಾತ್ರ ಗೆದ್ದ ಪಾರಿವಾಳ

ಬ್ರಸೆಲ್ಸ್ ನಗರದ ಅಂತರಜಾಲ ಮೌಲ್ಯಗಳ ಸಮನ್ವಯ ಕಚೇರಿಯ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಹದಿನಾಲ್ಕು ಮಂದಿ ಉಪನಿರ್ದೇಶಕರಿಗೂ, ತಮ್ಮ ಜಾಲತಾಣ ತೆರೆದೊಡನೆ ಅಡ್ಡ ಬಂದು ನನ್ನ ಒಪ್ಪಿಗೆ ಕೇಳುವ ಆ ಸಭ್ಯ ಚೌಕಕ್ಕೂ ಔಡೆನಾರ್ಡೆ ಪಕ್ಕದ ಹಳ್ಳಿಯಲ್ಲಿ ಪಾರಿವಾಳ ಸಾಕಿಕೊಂಡಿರುವ ಓಡಿಲೋನ್ ವರ್ಹುಲ್ಸ್ಟ್ ಎಂಬ ನಾನು ಮಾಡುವ ಸವಿನಯ ವಂದನೆಗಳು. ಆ ಚೌಕಕ್ಕೆ ದಿನಕ್ಕೆ ಇಪ್ಪತ್ತು ಸಲ 'ಒಪ್ಪಿದೆ' ಎನ್ನುವ ನಾನು ಮದುವೆಯ ದಿನ ಚರ್ಚಿನಲ್ಲಿ ತನಗೆ ಹಾಗೆ ಹೇಳಿದ್ದು ಒಂದೇ ಸಲ, ಅದೂ ಪಾದ್ರಿ ಎರಡು ಬಾರಿ ಕೇಳಿದ ಮೇಲೆ ಎಂದು ನನ್ನ ಹೆಂಡತಿ ಮಾರಿಯೆಟ್ ಈಚೆಗೆ ಮುನಿಸಿಕೊಂಡಿದ್ದಾಳೆ. ಆದರೆ ಈ ಪತ್ರ ಅದರ ಬಗ್ಗೆ ಅಲ್ಲ.

ನಲವತ್ತೊಂದು ವರ್ಷ ಪಾರಿವಾಳ ಹಾರಿಸಿ ನಾನು ಗೆದ್ದದ್ದು ಒಂದೇ ಪಂದ್ಯ. ಬಾರ್ಸಿಲೋನಾದಲ್ಲಿ ಬಿಟ್ಟ ಹಕ್ಕಿ ನಮ್ಮೂರಿಗೆ ಹಾರಿ ಬರಬೇಕು; ಬಂದರೆ ಸಾಲದು, ಗೂಡಿನೊಳಗೆ ಇಳಿಯಬೇಕು, ಅದರ ಕಾಲಿನ ರಬ್ಬರ್ ಉಂಗುರ ಬಿಚ್ಚಿ ಮುದ್ರೆ ಹಾಕಿದ ಗಡಿಯಾರದೊಳಗೆ ಹಾಕಿದಾಗಲೇ ಲೆಕ್ಕ. ಆ ದಿನ ಪಕ್ಕದ ಮನೆಯ ಫಿರ್ಮಿನ್ ಲಾಗೆಯ ಹಕ್ಕಿ ನನ್ನ 'ನೀಲಿ'ಗಿಂತ ಇಪ್ಪತ್ತು ನಿಮಿಷ ಮೊದಲೇ ಬಂತು ಎಂಬುದನ್ನು ನಾನು ಎಂದೂ ಅಲ್ಲಗಳೆದವನಲ್ಲ. ಅವನ ಹೆಂಡತಿ ಅಂಗಳದಲ್ಲಿ ಒಣಹಾಕಿದ್ದ ಹೂಹೂವಿನ ಮೇಲುಹೊದಿಕೆಗೆ ಹೆದರಿ ಅದು ಮಾಡಿನ ಮೇಲೆಯೇ ಕುಳಿತುಬಿಟ್ಟಿತು. ಫಿರ್ಮಿನ್ ಒಳಚಡ್ಡಿಯಲ್ಲೇ ಏಣಿ ಹತ್ತಿ, ಬಟಾಣಿಯ ತಟ್ಟೆ ಹಿಡಿದು, "ಬಾರೇ ನನ್ನ ಚಿನ್ನ, ನನ್ನ ಮಾನ ಕಳೀಬೇಡ ಕಣೇ" ಎಂದು ಅಂಗಲಾಚುತ್ತಿದ್ದಾಗ ನನ್ನ ನೀಲಿ ಬಂದಳು, ಯಾರನ್ನೂ ನೋಡದೆ ನೇರವಾಗಿ ಒಳಗೆ ಇಳಿದಳು. ಏಣಿಯ ಮೇಲಿನ ಫಿರ್ಮಿನನನ್ನು ಯಾರೋ ಹಿಡಿದ ಫೋಟೋ ಮತ್ತು ಪಂದ್ಯದ ಫಲಿತಾಂಶ ನಮ್ಮ ಸಂಘದ ಜಾಲತಾಣದಲ್ಲಿ ಬಹುಕಾಲ ಇದ್ದವು.

ಹೋದ ವರ್ಷ ಫಿರ್ಮಿನ್, ತಮ್ಮ ಕಾನೂನಿನಂತೆ ಅಂತರಜಾಲವು ತನ್ನನ್ನು ಮರೆಯಬೇಕೆಂದು ತಮ್ಮಲ್ಲಿ ಅರ್ಜಿ ಹಾಕಿದ. ತಾವು ಮರೆತಿರಿ. ಎಂಥ ಉದಾರ ಮನಸ್ಸು ತಮ್ಮದು, ಅವನ ಒಳಚಡ್ಡಿಯ ಜೊತೆಗೆ ಆ ಇಡೀ ಪುಟವನ್ನೇ, ಅದರ ಮೇಲ್ತುದಿಯಲ್ಲಿದ್ದ ನನ್ನ ಹೆಸರನ್ನೂ ಮರೆತಿರಿ. ಈಗ ಆ ಪುಟ ಯುರೋಪಿನ ಒಳಗೆ ಎಲ್ಲಿಯೂ ತೆರೆಯುವುದಿಲ್ಲ.

ಸಂಘಕ್ಕೆ ಬರುವ ಭಾನುವಾರ ಎಪ್ಪತ್ತೈದು ತುಂಬುತ್ತದೆ, ಗೆದ್ದವರ ಹೆಸರನ್ನೆಲ್ಲ ಕಲ್ಲಿನಲ್ಲಿ ಕೆತ್ತಿಸುತ್ತಿದ್ದಾರೆ. ಅಧ್ಯಕ್ಷ ಆಖಿಲ್ ಬೋನೆ ನನ್ನನ್ನು ಕರೆದು, "ನೋಡು ಓಡಿಲೋನ್, ಕಂಪ್ಯೂಟರಲ್ಲಿ ಕಾಣದ್ದನ್ನ ಕಲ್ಲಲ್ಲಿ ಕೆತ್ತೋಕಾಗಲ್ಲ, ನಾಳೆ ಬ್ರಸೆಲ್ಸಿನವ್ರು ಬಂದು ಕೇಳಿದ್ರೆ ಉಳಿ ಹಿಡಿದೋನೇ ಸಿಕ್ಕಾಕ್ಕೊಳ್ತಾನೆ" ಎಂದ. ಹಳೆಯ ದಾಖಲೆ ಪುಸ್ತಕವನ್ನಾದರೂ ತೆಗೆಯೋಣವೆಂದರೆ, ಎಲ್ಲವೂ ಕಂಪ್ಯೂಟರಿಗೆ ಹೋಯಿತಲ್ಲ ಎಂದು ಅದರ ಹಾಳೆ ಹರಿದು ತನ್ನ ಗೂಡಿಗೆ ಹಾಸಿದವನೂ ಇದೇ ಆಖಿಲ್.

ಆಗ ಮೊರೊಕ್ಕೊದ ಕಾಸಾಬ್ಲಾಂಕಾಕ್ಕೆ ಮದುವೆಯಾಗಿ ಹೋದ ನನ್ನ ತಂಗಿಯ ಮಗಳು ಗೊಡೆಲೀವೆ ಫೋನು ಮಾಡಿದಳು. "ಮಾವ, ಇಲ್ಲಿ ಚೆನ್ನಾಗಿ ಕಾಣ್ತಿದೆ. ನೀನೇ ಫಸ್ಟು. ಫಿರ್ಮಿನ್ ಮಾವಂದು ಚಡ್ಡೀನೂ ಕಾಣ್ತಿದೆ, ಪಟ್ಟೆ ಪಟ್ಟೆದು" ಎಂದಳು. ನಾನು ಅತ್ತುಬಿಟ್ಟೆ ಮಾನ್ಯರೇ, ಹೇಳಿಕೊಳ್ಳಲು ನಾಚಿಕೆಯಿಲ್ಲ. ತಮ್ಮ ಗಡಿಯಿಂದ ಆಚೆ ಎಲ್ಲ ಕಡೆಯೂ ನಾನು ಗೆದ್ದವನೇ. ಗೆದ್ದ ಊರಿನಲ್ಲಿ ಮಾತ್ರ ನಾನು ಗೆದ್ದಿಲ್ಲ. ಅವಳು ಅಚ್ಚು ಹಾಕಿ ಕಳುಹಿಸಿದ ಪುಟವನ್ನು ಆಖಿಲ್ ಬೆರಳ ತುದಿಯಲ್ಲಿ ಹಿಡಿದು, ಇದು ಖಾಸಗಿತನಕ್ಕೆ ನಮ್ಮಷ್ಟು ರಕ್ಷಣೆ ಇಲ್ಲದ ದೇಶದಿಂದ ಬಂದ ಮಾಹಿತಿ ಎಂದು ವಾಪಸು ಕೊಟ್ಟ.

ತಮ್ಮ ಮೌಲ್ಯಗಳು ಜಗತ್ತಿಗೆಲ್ಲ ದಾರಿ ತೋರಿಸುತ್ತವೆ ಎಂದು ತಾವು ದೂರದರ್ಶನದಲ್ಲಿ ಹೇಳಿದ್ದನ್ನು ಕೇಳಿ ನಾನು ಎದ್ದು ನಿಂತಿದ್ದೆ. ಆದರೆ ತಾವು ಮರೆತದ್ದನ್ನು ನಮ್ಮೂರು ಮರೆತಿಲ್ಲ. ಫಿರ್ಮಿನ್ ಬಿಯರಿನ ಅಂಗಡಿಗೆ ಕಾಲಿಟ್ಟರೆ ಇವತ್ತಿಗೂ ಯಾರಾದರೊಬ್ಬರು ಬಟಾಣಿಯ ತಟ್ಟೆ ತಂದಿಡುತ್ತಾರೆ. ಅವನ ಅವಮಾನ ಹಾಗೇ ಉಳಿಯಿತು, ಹೋದದ್ದು ನನ್ನ ಗೆಲುವು ಒಂದೇ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ ಚಿಕ್ಕದು. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮ ಸಂಘದ ಅಂಗಳವನ್ನು ಯುರೋಪಿನಿಂದ ಹೊರಗೆ ಎಂದು ಘೋಷಿಸಬೇಕು. ಅದು ಕಷ್ಟವಾದರೆ ಮೊರೊಕ್ಕೊ ದೇಶವನ್ನು ಅಷ್ಟು ಹೊತ್ತು ನಮ್ಮ ಚರ್ಚಿನ ಹಿಂದೆ ತಂದು ನಿಲ್ಲಿಸಬಹುದು, ಜಾಗವಿದೆ. ಅದೂ ಆಗದಿದ್ದರೆ ತಮ್ಮ ಹದಿನಾಲ್ಕು ಉಪನಿರ್ದೇಶಕರಲ್ಲಿ ಒಬ್ಬರನ್ನಾದರೂ ಕಳುಹಿಸಿ, ಒಂದು ಉಳಿಯನ್ನೂ ಕೊಟ್ಟು.

ಇಷ್ಟಾದರೂ ತಮ್ಮನ್ನು ಮರೆಯಲಾರದ,
ತಮ್ಮ ವಿಶ್ವಾಸಿ,
ಓಡಿಲೋನ್ ವರ್ಹುಲ್ಸ್ಟ್
(ಕಾಸಾಬ್ಲಾಂಕಾದಲ್ಲಿ ಪ್ರಥಮ ಬಹುಮಾನ ವಿಜೇತ)

ಮರೆತ ಮಾತು: ಮೂರು ದಿನದಿಂದ ಯಾರದೋ ಒಳ್ಳೆಯ ಪಾರಿವಾಳವೊಂದು ನನ್ನ ಗೂಡಿಗೆ ಬಂದು ನನ್ನ ಜೋಳ ತಿನ್ನುತ್ತಿದೆ. ಕಾಲಿನ ಬಳೆಯಲ್ಲಿ ಒಡೆಯನ ಹೆಸರು, ಫೋನ್ ನಂಬರು ಇರುತ್ತವೆ, ಆದರೆ ಅವು ಖಾಸಗಿ ಮಾಹಿತಿ. ಅವನ ಒಪ್ಪಿಗೆಯಿಲ್ಲದೆ ಓದುವಂತಿಲ್ಲ, ಓದದೆ ಒಪ್ಪಿಗೆ ಕೇಳುವುದು ಯಾರನ್ನು? ಪಕ್ಕದ ಮನೆಯವನೊಬ್ಬ ದಿನವೂ ಬೇಲಿಯಾಚೆ ನಿಂತು ಬಟಾಣಿಯ ತಟ್ಟೆ ಅಲ್ಲಾಡಿಸುತ್ತ, ತಾನು ಫಿರ್ಮಿನ್ ಲಾಗೆ, ಹಕ್ಕಿ ತನ್ನದು ಎನ್ನುತ್ತಿದ್ದಾನೆ. ಆ ಹೆಸರಿನವನೊಬ್ಬ ಪಾರಿವಾಳ ಹಾರಿಸುತ್ತಿದ್ದ ಎಂಬ ದಾಖಲೆ ಯುರೋಪಿನಲ್ಲಿ ನನಗೆಲ್ಲೂ ಸಿಗಲಿಲ್ಲ. ಮೊರೊಕ್ಕೊದಲ್ಲಿ ವಿಚಾರಿಸಿ ಬರಲು ಅವನಿಗೆ ಹೇಳಿದ್ದೇನೆ.